ತಕ್ಕಡಿ ಅಕ್ಕ ತೂಗಿದ ಮಡಚು ಫೋನು

ಕೊಡೆ ಕೊಳ್ಳುವಾಗ ಜನ ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಒಮ್ಮೆ ಬಿಚ್ಚಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಆಕೆ ಹಾಗಲ್ಲ. ಕೊಡೆಯನ್ನು ಬಿಚ್ಚಿ, ತಲೆಕೆಳಗು ಮಾಡಿ, ಅಂಗಡಿಯವನು ಕುಡಿಯಲು ಇಟ್ಟುಕೊಂಡ ನೀರನ್ನೇ ಅದರೊಳಗೆ ಸುರಿದು, ಹೊಲಿಗೆಯಲ್ಲಿ ಹನಿ ಜಿನುಗುತ್ತದೆಯೇ ಎಂದು ಕೆಳಗಿನಿಂದ ಬಗ್ಗಿ ನೋಡುತ್ತಿದ್ದಳು. ಜಿನುಗಿದರೆ ಅಂಗಡಿಯವನ ಮುಖ ಸಣ್ಣಗಾಗುತ್ತಿತ್ತು. ಜಿನುಗದಿದ್ದರೆ ಮಾತ್ರ ಅವನಿಗೆ ಹಬ್ಬ. ಯಾಕೆಂದರೆ ಮರುದಿನ ಅದೇ ಬೀದಿಯಿಂದ ನಾಲ್ಕಾರು ಹೆಂಗಸರು ಬಂದು, "ತಕ್ಕಡಿ ಅಕ್ಕ ತಗೊಂಡ್ರಲ್ಲ, ಅದೇ ಕೊಡೆ ಕೊಡಪ್ಪ" ಎನ್ನುತ್ತಿದ್ದರು.

ತಕ್ಕಡಿ ಅಕ್ಕ ಎಂಬ ಹೆಸರು ಯಾರು ಇಟ್ಟದ್ದೋ ಗೊತ್ತಿಲ್ಲ, ಆದರೆ ಅಂಟಿಕೊಂಡುಬಿಟ್ಟಿತ್ತು. ಪಾತ್ರೆಯನ್ನು ತಟ್ಟಿ ಸದ್ದು ಕೇಳುವುದು, ಚಪ್ಪಲಿಯನ್ನು ಮಡಚಿ ಬೆನ್ನು ನೋಡುವುದು, ದಾರವನ್ನು ಹಲ್ಲಿಗೆ ಸಿಕ್ಕಿಸಿ ಎಳೆದು ನೋಡುವುದು, ಇವೆಲ್ಲ ಆಕೆಗೆ ಚಟವಲ್ಲ, ಧರ್ಮ. ಬೆಣ್ಣೆಯಲ್ಲಿ ಕೂದಲು ಹುಡುಕುವವಳು ಎಂದು ಹಿಂದಿನಿಂದ ಕೆಲವರು ಮೂಗು ಮುರಿಯುತ್ತಿದ್ದರು. ಕೂದಲು ಇದ್ದರೆ ತಾನೆ ಸಿಗುವುದು ಎಂದು ಆಕೆ ಎದುರಿಗೇ ಹೇಳುತ್ತಿದ್ದಳು.

ಆಕೆಯ ಮೈದುನನಿಗೆ ಮುಖ್ಯರಸ್ತೆಯ ತಿರುವಿನಲ್ಲಿ ಮೊಬೈಲಿನ ಪುಟ್ಟ ಅಂಗಡಿ. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು, ಅಷ್ಟು ಅಗಲ. ಒಂದು ಸಂಜೆ ಅವನು ಅಣ್ಣನ ಮನೆಗೆ ಬಂದು, ಜೇಬಿನಿಂದ ಸೋಪಿನ ಡಬ್ಬಿಯ ಗಾತ್ರದ ಒಂದು ಫೋನನ್ನು ತೆಗೆದು ಅತ್ತಿಗೆಯ ಮುಂದೆ ಇಟ್ಟ. ಕಡು ನೀಲಿ ಬಣ್ಣ. ಮುಚ್ಚಳದ ಮೇಲೆ ಬೆರಳಗಲದ ಒಂದು ಕಿಟಕಿ, ಅದರ ಕೆಳಗೆ ಮೂರು ಗುಂಡಿ.

"ಅತ್ತಿಗೆ, ಇದು ಹಾಡಿಗೆ ಅಂತಾನೇ ಮಾಡಿರೋ ಫೋನು. ಮಡಚೋ ಥರದ್ದು. ಬೆಲೆ ಕೇಳಿದ್ರೆ ನೀವೇ ನಂಬಲ್ಲ, ಅಷ್ಟು ಕಡಿಮೆ. ಅಂಗಡಿಗೆ ತರಿಸ್ಲಾ ಬೇಡ್ವಾ ಅಂತ ಗೊತ್ತಾಗ್ತಿಲ್ಲ. ಒಂದು ವಾರ ನೀವು ಇಟ್ಕೊಳ್ಳಿ. ನೀವು ಹೂಂ ಅಂದ್ರೆ ತರಿಸ್ತೀನಿ."

"ನಾನು ಊಹೂಂ ಅಂದ್ರೆ?"

"ಆಗ ಕಣ್ಣು ಮುಚ್ಚಿ ವಾಪಸ್."

"ಕೆಳಗೆ ಬಿದ್ರೆ ಏನಾಗುತ್ತೆ?"

ಮೈದುನ ಬೆಚ್ಚಿದ. "ಬೀಳಿಸಬೇಡಿ ಅತ್ತಿಗೆ!"

"ಬೀಳದೇ ಇರೋ ವಸ್ತು ಯಾವುದಪ್ಪ ಇದೆ, ನಮ್ಮಂಥವರ ಕೈಯಲ್ಲಿ?" ಎಂದು ಆಕೆ ಫೋನನ್ನು ಎತ್ತಿಕೊಂಡು ಮೊದಲು ಅಂಗೈಯಲ್ಲಿ ತೂಗಿದಳು. ಆಮೇಲೆ ಮುಚ್ಚಳ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮುಚ್ಚಿದಾಗ ಟಪ್ ಎಂದು ತೃಪ್ತಿಯ ಸದ್ದು. "ಸದ್ದೇನೋ ಚೆನ್ನಾಗಿದೆ. ಕೀಲು ಮಾತ್ರ ಪಕ್ಕಕ್ಕೆ ಒಂದು ಕೂದಲೆಳೆ ಅಲ್ಲಾಡುತ್ತೆ" ಎಂದಳು. ಮೈದುನನಿಗೆ ಆಗಲೇ ಅರ್ಧ ಜೀವ ಹೋಗಿತ್ತು.

ಆಕೆಯ ಬಳಿ ಫೋನು ಇರಲಿಲ್ಲವೆಂದಲ್ಲ. ಮಗಳು ಕೊಡಿಸಿದ ದೊಡ್ಡ ಗಾಜಿನ ಫೋನು ಬೀರುವಿನಲ್ಲಿತ್ತು. ಆದರೆ ಆ ಫೋನಿಗೂ ಆಕೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆಕೆ ಕೆಲಸ ಮಾಡುತ್ತಿದ್ದುದು ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಪರದೆ, ಟವೆಲು ಎಲ್ಲ ಅಲ್ಲಿಗೇ ಬರುತ್ತಿದ್ದವು. ವರ್ಷಗಟ್ಟಲೆ ಗಂಜಿನೀರು, ಸೋಡಾ, ಇಸ್ತ್ರಿಯ ಕಾವು ತಿಂದು ಆಕೆಯ ಬೆರಳ ತುದಿಗಳು ನುಣ್ಣಗೆ, ಗಟ್ಟಿಯಾಗಿ, ಉಜ್ಜಿದ ಹಲಗೆಯ ಹಾಗೆ ಆಗಿದ್ದವು. ಗಾಜಿನ ಫೋನಿನ ಮೇಲೆ ಎಷ್ಟು ಒತ್ತಿದರೂ, ಸವರಿದರೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಮಗಳ ಕರೆ ಬಂದು ಬಡಕೊಳ್ಳುತ್ತಿದ್ದರೆ ಈಕೆ ಇತ್ತ ಹಸಿರು ಚುಕ್ಕೆಯನ್ನು ತಿಕ್ಕಿ ತಿಕ್ಕಿ ಸೋತು, ಕೊನೆಗೆ ಗಂಡನನ್ನು ಕೂಗಬೇಕಿತ್ತು. "ನಿನ್ನ ಫೋನಿಗೆ ನಾನು ಅಂದ್ರೆ ಅಷ್ಟಕ್ಕಷ್ಟೇ ಕಣೇ" ಎಂದು ಮಗಳಿಗೆ ಹೇಳಿ ಅದನ್ನು ಒಳಗಿಟ್ಟಿದ್ದಳು.

ಈ ನೀಲಿ ಫೋನಿನ ಗುಂಡಿಗಳು ಮಾತ್ರ ಒತ್ತಿದ ಕೂಡಲೇ ಒತ್ತಿಸಿಕೊಂಡವು. ಅಂಕಿಗಳು ಉಬ್ಬಿಕೊಂಡು, ಕಣ್ಣು ಮುಚ್ಚಿದರೂ ಕೈಗೆ ಸಿಗುವ ಹಾಗಿದ್ದವು. ಆಕೆ ಮಗಳಿಗೆ ಕರೆ ಮಾಡಿ ಮಾತಾಡಿದಳು, ಮಾತು ಮುಗಿದ ಮೇಲೆ ಮುಚ್ಚಳವನ್ನು ಟಪ್ಪನೆ ಮುಚ್ಚಿದಳು. ಕರೆ ಅಲ್ಲಿಗೇ ಮುಗಿಯಿತು. "ನೋಡಿದ್ರಾ, ಬಾಗಿಲು ಹಾಕಿದ ಹಾಗೆ" ಎಂದು ಗಂಡನ ಕಡೆ ತಿರುಗಿ, ಇನ್ನೊಮ್ಮೆ ಸುಮ್ಮನೆ ತೆರೆದು ಮುಚ್ಚಿದಳು. ಗಂಡನಿಗೆ ನಗು ಬಂತು. ಹೆಂಡತಿ ಒಂದು ವಸ್ತುವನ್ನು ಪರೀಕ್ಷೆಗಲ್ಲದೆ ಬರೀ ಖುಷಿಗೆ ಮುಟ್ಟಿದ್ದನ್ನು ಅವನು ನೋಡಿದ್ದು ಕಡಿಮೆ.

ಆದರೆ ಹಾಡಿನ ಫೋನನ್ನು ಮನೆಯ ಮೌನದಲ್ಲಿ ಇಟ್ಟು ನೋಡಿದರೆ ಏನು ಬಂತು? ಗೋಡೆ ಗಡಿಯಾರದ ಸದ್ದೂ ಅಲ್ಲಿ ದೊಡ್ಡದೇ. ಮರುದಿನ ಆಕೆ ಫೋನನ್ನು ಲಾಂಡ್ರಿಗೆ ಒಯ್ದಳು.

ಲಾಂಡ್ರಿ ಅಂದರೆ ಉದ್ದನೆಯ ಒಂದು ಹಜಾರ. ಒಂದು ಕೊನೆಯಲ್ಲಿ ಒಗೆಯುವ ಯಂತ್ರಗಳು ದಡಬಡ ಸುತ್ತುತ್ತವೆ, ನಡುವೆ ಒಣಗಿಸುವ ಪೆಟ್ಟಿಗೆಗಳು ಬುಸುಗುಡುತ್ತವೆ, ಈ ಕೊನೆಯಲ್ಲಿ ಇಸ್ತ್ರಿಯ ಉರುಳೆ. ಉರುಳೆಯಿಂದ ಬಿಸಿಬಿಸಿಯಾಗಿ ಹೊರಬರುವ ಹಾಸುಬಟ್ಟೆಗಳನ್ನು ಮಡಚುವುದು ಇಬ್ಬರ ಕೆಲಸ. ಇಬ್ಬರೂ ಎರಡೆರಡು ತುದಿ ಹಿಡಿದು ಹಿಂದೆ ಸರಿಯಬೇಕು, ಒಮ್ಮೆ ಝಾಡಿಸಬೇಕು, ತುದಿಗೆ ತುದಿ ಸೇರಿಸಬೇಕು, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ಕೈಗೆ ಕೈ ತಾಗಿಸಿ ಬಟ್ಟೆ ಕೊಡಬೇಕು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ದಿನವಿಡೀ ಅದೇ ನಡೆ.

ತಕ್ಕಡಿ ಅಕ್ಕನ ಎದುರಿಗೆ ಬಟ್ಟೆ ಹಿಡಿಯುತ್ತಿದ್ದವಳು ಉದ್ದಕ್ಕ. ಹೆಸರೇ ಹೇಳುವಂತೆ ಎತ್ತರದ ಹೆಂಗಸು. ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಉದ್ದಕ್ಕನಿಗೆ ಒಳ್ಳೆಯ ಕಂಠ. ಅವಳು ಹಾಡುತ್ತಿದ್ದರೆ ಯಂತ್ರಗಳ ಗದ್ದಲವೂ ಹಿಮ್ಮೇಳದ ಹಾಗೆ ಕೇಳಿಸುತ್ತಿತ್ತು, ಬಟ್ಟೆ ಮಡಚುವುದು ಹೂವೆತ್ತಿದ ಹಾಗೆ ಆಗುತ್ತಿತ್ತು.

ಆದರೆ ಆ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಲಾಂಡ್ರಿಯ ಹಿರಿಯ ಕೆಲಸಗಾರ್ತಿಯೊಬ್ಬಳು ನಿವೃತ್ತಿಯಾದ ದಿನ, ಯಂತ್ರ ನಿಲ್ಲಿಸಿ ಎಲ್ಲರೂ ಸೇರಿದ್ದರು. ಉದ್ದಕ್ಕ ಎದ್ದುನಿಂತು ಹಾಡಿದಳು. ಚಪ್ಪಾಳೆಯ ನಡುವೆ ಕೆಂಪೇರಿದ ಮುಖದಲ್ಲಿ ಗೆಳತಿಯ ಪಕ್ಕ ಬಂದು ಕೂತು, "ಹೇಗಿತ್ತೇ?" ಎಂದು ಕೇಳಿದಳು. ಹಾಗೆ ಕೇಳುವವರಿಗೆ ಬೇಕಾದದ್ದು ಉತ್ತರವಲ್ಲ ಎಂಬುದು ತಕ್ಕಡಿ ಅಕ್ಕನಿಗೆ ತಿಳಿಯದು. "ಚೆನ್ನಾಗಿತ್ತು. ಆದ್ರೆ ಮೇಲಿನ ಸ್ವರ ನಿನ್ನ ಗಂಟಲಿಗೆ ಎಟುಕಲ್ಲ ಕಣೇ. ಅಲ್ಲಿ ಕಿರುಚಿದ ಹಾಗಾಯ್ತು" ಎಂದಳು. ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉದ್ದಕ್ಕ ಅಂದಿನಿಂದ ಹಾಡು ನಿಲ್ಲಿಸಿದಳು, ಮಾತನ್ನೂ ನಿಲ್ಲಿಸಿದಳು.

ಮಾತಿಲ್ಲದೆ ಹಾಸುಬಟ್ಟೆ ಮಡಚುವುದು ಎಂಥ ಫಜೀತಿ ಎಂಬುದನ್ನು ಮಡಚಿದವರೇ ಬಲ್ಲರು. ದಿನಕ್ಕೆ ನೂರಾರು ಸಲ ಎದುರುಬದುರು ನಡೆದು ಬಂದು, ಕೈ ತಾಗಿಸಿ, ಮುಖ ಮಾತ್ರ ನೋಡಬಾರದು. ಉದ್ದಕ್ಕ ಈಕೆಯ ಬಲಗಿವಿಯ ಓಲೆಯನ್ನು ನೋಡುತ್ತಿದ್ದಳು. ಈಕೆ ಅವಳ ಏಪ್ರನ್ನಿನ ಮೇಲಿನ ಗುಂಡಿಯನ್ನು ನೋಡುತ್ತಿದ್ದಳು. ಹೇಳಲೇಬೇಕಾದ ಮಾತಿದ್ದರೆ ಗೋಡೆಗೆ ಹೇಳುತ್ತಿದ್ದರು. "ಕೆಲವರು ತುದಿಯನ್ನ ಜಗ್ತಾರೆ." "ಕೆಲವರು ಸಡಿಲ ಬಿಡ್ತಾರೆ." ಗೋಡೆ ಯಾರ ಪಕ್ಷವನ್ನೂ ವಹಿಸಲಿಲ್ಲ.

ಫೋನು ಬಂದ ದಿನ ಲಾಂಡ್ರಿಯ ಯಜಮಾನಿ ಮೊದಲು ಹುಬ್ಬು ಗಂಟಿಕ್ಕಿದಳು. "ಹಾಡು ಕೇಳ್ತಾ ಕೈ ನಿಧಾನ ಆದ್ರೆ ಫೋನು ನನ್ನ ಬೀರುಗೆ ಹೋಗುತ್ತೆ, ನೋಡಿ" ಎಂದು ಎಚ್ಚರಿಸಿ ಒಳಗೆ ಹೋದಳು. ತಕ್ಕಡಿ ಅಕ್ಕ ಪರೀಕ್ಷೆ ಶುರುಮಾಡಿದಳು. ಮೈದುನ ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ ಹಳೆಯ ಹಾಡುಗಳನ್ನು ತುಂಬಿಸಿಕೊಟ್ಟಿದ್ದ. ಮುಚ್ಚಳ ತೆರೆಯುವ ಅಗತ್ಯವೇ ಇರಲಿಲ್ಲ. ಮೇಲಿನ ಮೂರು ಗುಂಡಿಗಳಲ್ಲಿ ನಡುವಿನದನ್ನು ಒತ್ತಿದರೆ ಹಾಡು, ಇನ್ನೊಮ್ಮೆ ಒತ್ತಿದರೆ ಮೌನ, ಆಚೆಯದು ಮುಂದಿನ ಹಾಡು, ಈಚೆಯದು ಹಿಂದಿನದು. ಒದ್ದೆ ಬೆರಳಾದರೇನು, ಗಂಜಿ ಮೆತ್ತಿದ ಬೆರಳಾದರೇನು, ಫೋನು ಎರಡನ್ನೂ ಒಂದೇ ರೀತಿ ಗೌರವಿಸಿತು.

ಸದ್ದು ಸಾಲುವುದೇ? ಮೊದಲು ಅದನ್ನು ಕಬ್ಬಿಣದ ತೊಟ್ಟಿಯ ಮೇಲೆ ಇಟ್ಟಳು. ತೊಟ್ಟಿಯೂ ಸೇರಿ ಗುಯ್‌ಗುಟ್ಟಿತು. ಮರದ ಬೆಂಚಿನ ಮೇಲಿಟ್ಟಾಗ ಹಾಡು ತಿಳಿಯಾಯಿತು. ಮಡಚಿಟ್ಟ ಟವೆಲುಗಳ ರಾಶಿಯ ಮೇಲೆ, ಗೋಡೆಗೆ ಬೆನ್ನು ಮಾಡಿ ಇಟ್ಟಾಗ, ಅಬ್ಬಾ! ಅಂಗೈಯಗಲದ ಆ ಪೆಟ್ಟಿಗೆಯಿಂದ ಬಂದ ಹಾಡು ಒಣಗಿಸುವ ಪೆಟ್ಟಿಗೆಗಳ ಬುಸುಗುಟ್ಟುವಿಕೆಯನ್ನು ದಾಟಿ ಒಗೆಯುವ ಯಂತ್ರಗಳ ತನಕ ಹೋಯಿತು. ಅಲ್ಲಿದ್ದ ಹೆಂಗಸರು ಕತ್ತು ಹೊರಳಿಸಿದರು. ಸದ್ದನ್ನು ಪೂರ್ತಿ ಏರಿಸಿದರೆ ಮಾತ್ರ ಮದ್ದಳೆಯ ಪೆಟ್ಟು ಡಬ್ಬಿಯೊಳಗೆ ಕಾಳು ಅಲ್ಲಾಡಿಸಿದ ಹಾಗೆ ಗಲಗಲ ಎನ್ನುತ್ತಿತ್ತು. ಅದನ್ನು ಆಕೆ ಮನಸ್ಸಿನಲ್ಲಿ ಬರೆದುಕೊಂಡು, ಒಂದು ಮೆಟ್ಟಿಲು ಕೆಳಗಿಳಿಸಿದಳು. ಹಾಡಿನ ನಡುವೆ ಕರೆ ಬಂತು. ಹಾಡು ತಾನೇ ನಿಂತು, ಮಾತು ಮುಗಿದ ಮೇಲೆ ಬಿಟ್ಟ ಜಾಗದಿಂದಲೇ ಎತ್ತಿಕೊಂಡಿತು. "ಮನುಷ್ಯರಿಗೂ ಇಷ್ಟು ನೆನಪಿರಲ್ಲ" ಎಂದು ಆಕೆ ಮೆಚ್ಚಿದಳು.

ಎರಡನೆಯ ದಿನ ಅದು ಬಿತ್ತು. ಬೀಳಿಸಿದ್ದಲ್ಲ, ಟವೆಲು ಎಳೆಯುವಾಗ ಜೊತೆಗೇ ಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಲಾಂಡ್ರಿಯೇ ಉಸಿರು ಹಿಡಿಯಿತು. ಆಕೆ ಬಗ್ಗಿ ನೋಡಿದರೆ ಮುಚ್ಚಳ ಒಳಗಿನ ಗಾಜನ್ನು ಕಾಪಾಡಿಕೊಂಡು ಮುಚ್ಚಿಯೇ ಇತ್ತು, ಹಾಡು ಒಂದು ಅಕ್ಷರವೂ ತಪ್ಪದೆ ನಡೆದೇ ಇತ್ತು. ಮೂಲೆಯಲ್ಲಿ ಸಣ್ಣ ತರಚು, ಅಷ್ಟೆ.

ಈ ನಡುವೆ ಇನ್ನೊಂದು ವಿಷಯವನ್ನು ಆಕೆ ಗಮನಿಸಿದ್ದಳು. ಹಾಡು ಬಂದ ಮೇಲೆ ತನ್ನ ಮತ್ತು ಉದ್ದಕ್ಕನ ಹೆಜ್ಜೆ ಕೂಡಿಕೊಂಡಿತ್ತು. ಹಿಂದಕ್ಕೆ, ಝಾಡಿಸು, ಮುಂದಕ್ಕೆ, ಕೊಡು: ಗೋಡೆಗೆ ಹೇಳುವ ಮಾತೇ ಬೇಕಾಗಲಿಲ್ಲ. ಒಂದು ವೇಗದ ಹಾಡಿಗೆ ಇಬ್ಬರೂ ಓಡುವಂತೆ ಎದುರುಬದುರು ಬಂದು, ಹಣೆಗೆ ಹಣೆ ಢಿಕ್ಕಿ ಹೊಡೆಯುವುದರಲ್ಲಿದ್ದರು. ಉದ್ದಕ್ಕನ ತುಟಿ ಒಂದು ಕ್ಷಣ ಸಡಿಲವಾಯಿತು, ಮತ್ತೆ ಬಿಗಿಯಿತು. ಆದರೆ ಆಮೇಲೆ ಏಪ್ರನ್ನಿನ ಗುಂಡಿಯಿಂದ ತುಸು ಮೇಲೆ ಕಣ್ಣು ಹಾಯಿಸಿದರೆ, ಅವಳ ತುಟಿಗಳು ಫೋನಿನ ಹಾಡಿನ ಜೊತೆಜೊತೆಗೇ ಸದ್ದಿಲ್ಲದೆ ಅಲ್ಲಾಡುತ್ತಿದ್ದವು.

ಬ್ಯಾಟರಿಯ ಪರೀಕ್ಷೆ ಉಳಿದಿತ್ತು. ಒಮ್ಮೆ ತುಂಬಿಸಿದ ಮೇಲೆ ತಾನಾಗಿ ಸಾಯುವ ತನಕ ಚಾರ್ಜಿಗೆ ಹಾಕುವುದಿಲ್ಲ ಎಂದು ಆಕೆ ಪಣ ತೊಟ್ಟಿದ್ದಳು. ದಿನವಿಡೀ ಹಾಡಿದರೂ ಆ ಪೆಟ್ಟಿಗೆ ದಣಿಯಲೊಲ್ಲದು. "ಇವತ್ತು ಸಾಯುತ್ತೆ" ಎಂದು ಹೆಂಗಸರು ದಿನಾ ಪಂತ ಕಟ್ಟುವುದು, ಸಂಜೆಗೆ ಸೋತು ನಗುವುದು.

ಕೊನೆಗೆ ಅದು ನಿಂತದ್ದು ಒಂದು ಮಧ್ಯಾಹ್ನ. ಹೋಟೆಲೊಂದರ ದಪ್ಪ ಪರದೆಗಳು ಬಂದಿದ್ದವು, ಒಂದೊಂದೂ ಒದ್ದೆ ಕಂಬಳಿಯಷ್ಟು ಭಾರ. ಫೋನಿನಲ್ಲಿ ಉಯ್ಯಾಲೆಯ ಹಾಗೆ ತೂಗುವ ಒಂದು ಹಾಡು. ಗಾಯಕಿ ಮೇಲೇರುವ ಸಾಲಿಗೆ ಬಂದಿದ್ದಳು. ಅಷ್ಟರಲ್ಲಿ ಟವೆಲುಗಳ ಮೇಲಿನಿಂದ ಟುಂಯ್ ಎಂಬ ಸಣ್ಣ ಸದ್ದು ಕೇಳಿ, ಪುಟ್ಟ ಕಿಟಕಿಯ ಬೆಳಕು ಆರಿತು.

ಹಾಡು ನಿಂತಿತು. ಆದರೆ ನಿಲ್ಲಲಿಲ್ಲ.

ಪರದೆಯ ಆಚೆ ತುದಿಯಿಂದ ಉದ್ದಕ್ಕನ ದನಿ ಅದೇ ಸಾಲನ್ನು ಮುಂದುವರಿಸಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಇಷ್ಟು ದಿನ ತುಟಿಯಲ್ಲೇ ಆಡುತ್ತಿದ್ದ ಹಾಡು, ಎದುರಿನ ಹಾಡು ನಿಂತ ಕೂಡಲೇ ಬಾಯಿಂದ ಹೊರಗೆ ಬಂದುಬಿಟ್ಟಿತ್ತು. ಮೇಲಿನ ಸ್ವರ ಎದುರಾದಾಗ ಅವಳು ಅದರ ಹಿಂದೆ ಓಡಲಿಲ್ಲ. ಹಾಡನ್ನೇ ತನ್ನ ಗಂಟಲ ಮಟ್ಟಕ್ಕೆ ಒಂದಿಷ್ಟು ಇಳಿಸಿಕೊಂಡು ಸಲೀಸಾಗಿ ದಾಟಿದಳು. ಪರದೆಯ ಭಾರಕ್ಕೆ ಇಬ್ಬರ ಹೆಜ್ಜೆಯೂ ತಡವಾಯಿತು. ಅವಳು ಸಾಲನ್ನು ಅಷ್ಟೇ ಎಳೆದು, ತುದಿಗೆ ತುದಿ ಸೇರಿದಾಗ ಸರಿಯಾಗಿ ಮುಗಿಸಿದಳು. ಕೈಗೆ ಕೈ ತಾಗಿತು. ಆಗ ಅವಳಿಗೆ ಎಚ್ಚರವಾಯಿತು. ಇಡೀ ಲಾಂಡ್ರಿ ತನ್ನನ್ನೇ ನೋಡುತ್ತಿದೆ.

ಉದ್ದಕ್ಕ ಓಲೆಯನ್ನು ನೋಡಲಿಲ್ಲ, ನೇರ ಕಣ್ಣನ್ನೇ ನೋಡಿದಳು. "ಏನು? ತೂಗು. ತೂಗದೇ ಇದ್ರೆ ನಿಂಗೆ ಅನ್ನ ಸೇರಲ್ಲ ಅಲ್ವಾ!"

ತಕ್ಕಡಿ ಅಕ್ಕ ಪರದೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಸುಳ್ಳು ಹೇಳಲು ಬಾರದು, ಸುಮ್ಮನಿರಲೂ ಬಾರದು. "ಪರದೆ ಭಾರ ಇತ್ತು" ಎಂದಳು. "ನಾವು ತಡ ಆದ್ವಿ. ನೀನು ಕಾದು, ಎಳೆದು ಹಾಡ್ದೆ. ಆ ಫೋನು ಕಾಯಲ್ಲ. ನಾವು ಎಲ್ಲಿದ್ರೂ ಅದು ತನ್ನ ಪಾಡಿಗೆ ಓಡುತ್ತೆ."

"ಇದು ಹೊಗಳಿಕೆನಾ?"

"ಫೋನಿನ ಕುಂದು. ಮೈದುನಂಗೆ ಹೇಳ್ಬೇಕು."

ಮೊದಲು ನಕ್ಕದ್ದು ಯಾರು ಎಂಬುದರ ಬಗ್ಗೆ ಲಾಂಡ್ರಿಯಲ್ಲಿ ಈಗಲೂ ಜಗಳವಿದೆ. ಉದ್ದಕ್ಕನ ನಗು ಮಾತ್ರ ಹಾಡಿನ ಹಾಗೆಯೇ ಉದ್ದ. ನಕ್ಕು ನಕ್ಕು ಕಣ್ಣೀರು ಬಂದು, ಅದನ್ನು ಏಪ್ರನ್ನಿನಲ್ಲಿ ಒರೆಸಿಕೊಂಡಳು. ಆಮೇಲೆ ಟವೆಲುಗಳ ರಾಶಿಯ ಹಿಂದೆ ಇಬ್ಬರೇ ಕೂತಾಗ ತಕ್ಕಡಿ ಅಕ್ಕ ತಲೆ ತಗ್ಗಿಸಿ ಹೇಳಿದಳು: "ಅವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು ಕಣೇ. ನೀನು ಕೇಳಿದೆ ಅಂತ ಹೇಳಿಬಿಟ್ಟೆ."

"ನಾನು ಒಬ್ಳೇ ಇದ್ದಾಗ ಹೇಳಿದ್ರೂ ಸಿಟ್ಟು ಬರ್ತಿತ್ತು. ಎರಡು ದಿನ ಇರ್ತಿತ್ತು, ಹೋಗ್ತಿತ್ತು." ಉದ್ದಕ್ಕ ನಿಟ್ಟುಸಿರು ಬಿಟ್ಟಳು. "ಸ್ವರ ಎಟುಕಲ್ಲ ಅನ್ನೋದು ನಂಗೂ ಗೊತ್ತಿತ್ತು. ಗೊತ್ತಿದ್ದನ್ನ ಇನ್ನೊಬ್ರು ಹೇಳಿದ್ರೆ ಜಾಸ್ತಿ ಉರಿಯುತ್ತೆ."

"ಮತ್ತೆ ಎರಡು ವರ್ಷ ಯಾಕೆ ಎಳ್ದೆ?"

"ನೀನು ಮಾತಾಡ್ಲಿ ಅಂತ ನಾನು ಕಾಯ್ತಿದ್ದೆ."

"ನಾನು ನಿನ್ನ ಸಿಟ್ಟು ಇಳೀಲಿ ಅಂತ ಕಾಯ್ತಿದ್ದೆ."

"ಸರಿ ಹೋಯ್ತು! ಎತ್ತು ಏರಿಗೆ, ಕೋಣ ನೀರಿಗೆ" ಎಂದು ಉದ್ದಕ್ಕ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಬೆಳಗಿನ ಡಬ್ಬಿಯಲ್ಲಿ ಉಳಿದದ್ದನ್ನು ಇಬ್ಬರೂ ಹಂಚಿಕೊಂಡರು.

ವಾರ ಮುಗಿದ ಸಂಜೆ ಇಬ್ಬರೂ ಒಟ್ಟಿಗೆ ಮೈದುನನ ಅಂಗಡಿಗೆ ಹೋದರು. ಅತ್ತಿಗೆ ಬಂದದ್ದನ್ನು ನೋಡಿ ಅವನು ಪರೀಕ್ಷೆಯ ಫಲಿತಾಂಶಕ್ಕೆ ನಿಂತವನ ಹಾಗೆ ಎದ್ದು ನಿಂತ. ಆಕೆ ಫೋನನ್ನು ಮೇಜಿನ ಮೇಲಿಟ್ಟು ಶುರುಮಾಡಿದಳು.

"ಮೊದಲು ಕೆಟ್ಟದ್ದು ಹೇಳ್ತೀನಿ. ಫೋಟೋ ತೆಗೆಯೋದಕ್ಕೆ ಇದು ಬೇಡ. ನಿಮ್ಮಣ್ಣನ ಫೋಟೋ ತೆಗೆದ್ರೆ ಗೋಡೆ ಸೋರಿದ ಕಲೆ ಹಾಗೆ ಬಂತು. ಅವರಿಗೆ ಬೇಜಾರಾಗಿದೆ. ನಮಗೆ ಬೇಕಾದ ಒಂದು ಹಾಡು ಹುಡುಕಬೇಕಾದ್ರೆ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತೆ. ಸದ್ದು ಪೂರ್ತಿ ಏರಿಸಿದ್ರೆ ಗಲಗಲ ಅನ್ನುತ್ತೆ. ರೇಡಿಯೋ ಕೇಳಬೇಕಾದ್ರೆ ಕಿವಿಯ ವೈರು ಸಿಕ್ಕಿಸಲೇಬೇಕು, ಇಲ್ದಿದ್ರೆ ಬರೀ ಕೊರಕೊರ. ಕೀಲಿನ ವಿಷ್ಯ ಮೊದಲೇ ಹೇಳಿದ್ದೆ."

ಮೈದುನನ ಮುಖ ಕೊಡೆ ಅಂಗಡಿಯವನ ಮುಖದ ಹಾಗಾಯಿತು. "ಹಾಗಾದ್ರೆ ಬೇಡ ಅಂತೀರಾ?"

"ಪೂರ್ತಿ ಕೇಳೋ. ಹಾಡಿಗೆ ಅಂತ ಮಾಡಿದ್ದಾರೆ, ಹಾಡುತ್ತೆ. ಹೇಳಿದ ಮಾತು ಉಳಿಸ್ಕೊಂಡಿದೆ. ಬಿತ್ತು, ಏಳು ಅಂದೆ, ಎದ್ದಿತು. ಆವಿ ತಾಗ್ತು, ಕಿಟಕಿ ಮಂಜಾಯ್ತು, ಒರೆಸಿದ್ರೆ ಹೋಯ್ತು. ದಿನಪೂರ್ತಿ ಹಾಡಿದ್ರೂ ದಿನಾ ಚಾರ್ಜು ಕೇಳಲ್ಲ. ಮುಖ್ಯ ಅಂದ್ರೆ, ನನ್ನಂಥ ಬೆರಳಿಗೆ ಇದು ಅವಮಾನ ಮಾಡಲ್ಲ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಮರ್ಯಾದಸ್ಥ ವಸ್ತುವನ್ನ ನಾನು ನೋಡಿರಲಿಲ್ಲ. ತರಿಸು. ಆದ್ರೆ ಕೊಳ್ಳೋಕೆ ಬಂದವರಿಗೆ ಫೋಟೋ ವಿಷ್ಯ ಮೊದಲೇ ಹೇಳ್ಬೇಕು. ಮುಚ್ಚಿಟ್ಟು ಮಾರಿದ್ರೆ ನಾನೇ ಬೀದಿಗೆಲ್ಲ ಹೇಳ್ತೀನಿ."

"ಇನ್ನೊಂದು ಕುಂದು ಮರೆತ್ಯಲ್ಲೇ" ಎಂದು ಉದ್ದಕ್ಕ ಮೊಣಕೈಯಿಂದ ತಿವಿದಳು. "ಅದು ಕಾಯಲ್ಲ."

"ಅದನ್ನ ಅವನಿಗೆ ಆಮೇಲೆ ಹೇಳ್ತೀನಿ, ಈಗ ಹೇಳಿದ್ರೆ ಅರ್ಥ ಆಗಲ್ಲ."

ಮೈದುನ ಇಬ್ಬರ ಮುಖವನ್ನೂ ನೋಡಿದ. ಈ ಇಬ್ಬರು ಮಾತು ಬಿಟ್ಟದ್ದು ಅವನಿಗೂ ಗೊತ್ತಿತ್ತು. ಕೇಳಬೇಕೆನಿಸಿದರೂ ಕೇಳಲಿಲ್ಲ. ಒಳ್ಳೆಯ ವ್ಯಾಪಾರಿ ಅವನು.

ಫೋನುಗಳು ಬಂದವು, ಖರ್ಚಾದವು. ಲಾಂಡ್ರಿಯವರು, ಬೇಕರಿಯಲ್ಲಿ ಹಿಟ್ಟು ನಾದುವವರು, ಗ್ಯಾರೇಜಿನವರು, ಕೈ ಯಾವಾಗಲೂ ಒದ್ದೆಯೋ ಜಿಡ್ಡೋ ಆಗಿರುವವರೇ ಹೆಚ್ಚಾಗಿ ಕೊಂಡರು. ಮೈದುನ ಪ್ರತಿಯೊಬ್ಬರಿಗೂ, "ಫೋಟೋ ಚೆನ್ನಾಗಿ ಬರಲ್ಲ, ಮೊದಲೇ ಹೇಳ್ತಿದೀನಿ" ಎಂದು ಹೇಳಿಯೇ ಮಾರಿದ. ಹಾಗೆ ಹೇಳುವ ಅಂಗಡಿ ಎಂದೇ ಕೆಲವರು ಹುಡುಕಿಕೊಂಡು ಬಂದರು. ಉದ್ದಕ್ಕ ಕೆಂಪು ಬಣ್ಣದ್ದನ್ನು ಆರಿಸಿಕೊಂಡಳು. ತಕ್ಕಡಿ ಅಕ್ಕ ಮಾತ್ರ ಹೊಸದು ಬೇಡವೆಂದು ಪರೀಕ್ಷೆಯ ಆ ನೀಲಿ ಫೋನನ್ನೇ ಹಣ ಕೊಟ್ಟು ಇಟ್ಟುಕೊಂಡಳು. "ಇದರ ಗುಣ ಗೊತ್ತು. ಹೊಸದರ ಗುಣ ಯಾರಿಗೆ ಗೊತ್ತು?" ಎಂಬುದು ಆಕೆಯ ವಾದ.

ಲಾಂಡ್ರಿಯಲ್ಲಿ ಈಗ ಒಂದು ಕ್ರಮ ಬಂದಿದೆ. ಟವೆಲು, ದಿಂಬಿನ ಚೀಲ, ಹಗುರ ಹಾಸುಬಟ್ಟೆಗಳಿಗೆ ಫೋನು ಹಾಡುತ್ತದೆ. ಪರದೆಗಳು ಬಂದ ದಿನ ಫೋನಿನ ನಡುವಿನ ಗುಂಡಿಯನ್ನು ಒತ್ತಿ ನಿಲ್ಲಿಸುತ್ತಾರೆ, ಉದ್ದಕ್ಕ ಹಾಡುತ್ತಾಳೆ. ಕೈ ನಿಧಾನವಾಗುತ್ತದೆಂದು ಹೆದರಿದ್ದ ಯಜಮಾನಿ, ಪರದೆಗಳು ಬಂದ ದಿನ ತನ್ನ ಕೋಣೆಯ ಬಾಗಿಲನ್ನು ತೆರೆದೇ ಇಡುತ್ತಾಳೆ.

ಮೊನ್ನೆ ರಜೆಯ ಮಧ್ಯಾಹ್ನ ತಕ್ಕಡಿ ಅಕ್ಕ ಕಿಟಕಿಯ ಪಕ್ಕ ಕಾಲು ಚಾಚಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದಳು. ಗಂಡ ಎರಡು ಸಲ ಕರೆದ, ಕೇಳಿಸಲಿಲ್ಲ. ಬಂದು ನೋಡಿದರೆ ಹೆಂಡತಿ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದಾಳೆ. ಹೆಗಲು ಮುಟ್ಟಿ, "ಇನ್ನೂ ಏನೇ ಪರೀಕ್ಷೆ ಮಾಡ್ತಿದೀಯ?" ಎಂದ.

ಆಕೆ ಒಂದು ಕಿವಿಯ ವೈರನ್ನು ತೆಗೆದು ಅವನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಪರೀಕ್ಷೆ ಏನೂ ಇಲ್ಲ. ಸುಮ್ನೆ ಕೇಳ್ತಿದೀನಿ. ಬನ್ನಿ, ಕೂತ್ಕೊಳ್ಳಿ."